ಟ್ಯಾಂಕಿನೊಳಗೆ ನಾಲ್ಕು ಸೀಟು

ಕಳೆದ ದಸರೆಯಲ್ಲಿ ಅಮ್ಮ ಗೊಂಬೆ ಕೂರಿಸುವಾಗ ಕೊನೆಯ ಮೆಟ್ಟಿಲಲ್ಲಿ ಸ್ವಲ್ಪ ಜಾಗ ಉಳಿಯಿತು. ಮೇಲೆ ಪಟ್ಟದ ಗೊಂಬೆಗಳು, ನಡುವೆ ದೇವರುಗಳು, ಕೆಳಗೆ ಅಂಗಡಿ ಇಟ್ಟುಕೊಂಡ ಶೆಟ್ಟಿ ದಂಪತಿ, ಪಕ್ಕದಲ್ಲಿ ರಾಗಿ ಪೈರಿನ ಪಾರ್ಕು. "ನಿನ್ನ ರೂಮಲ್ಲಿರೋ ಆ ಟ್ಯಾಂಕ್ ತಂದಿಡೋ, ಮಕ್ಕಳು ಖುಷಿಯಾಗಿ ನೋಡ್ತಾರೆ" ಅಂದಳು. ತಂದಿಟ್ಟೆ.

ಅದು ಲೆಗೊ ಇಟ್ಟಿಗೆಗಳಲ್ಲಿ ನಾನೇ ಡಿಸೈನ್ ಮಾಡಿ ಕಟ್ಟಿದ ಸೆಂಚೂರಿಯನ್ ಟ್ಯಾಂಕು. 1965ರ ಯುದ್ಧದಲ್ಲಿ ಸಿಯಾಲ್‌ಕೋಟ್ ಕಡೆ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳ ಎದುರು ನಿಂತದ್ದು ನಮ್ಮ ಸೆಂಚೂರಿಯನ್‌ಗಳು. ನನ್ನ ಟ್ಯಾಂಕಿನಲ್ಲಿ ಸುಮಾರು 1,400 ತುಂಡುಗಳಿವೆ, ಎಂಟು ತಿಂಗಳ ಶನಿವಾರ, ಭಾನುವಾರಗಳಿವೆ. ಬಂದವರೆಲ್ಲ ಗೊಂಬೆ ಬಿಟ್ಟು ಅದನ್ನೇ ಫೋಟೋ ತೆಗೆದುಕೊಂಡರು. ನಾನೂ ಉಬ್ಬಿದ್ದೆ ಅನ್ನಿ.

ಮೂರನೇ ದಿನ ದೊಡ್ಡಪ್ಪ ಬಂದರು. ವಯಸ್ಸು ಎಂಬತ್ತು ದಾಟಿದೆ. ಸೈನ್ಯದಲ್ಲಿ ಇ.ಎಂ.ಇ. ವಿಭಾಗದಲ್ಲಿ ಮೆಕ್ಯಾನಿಕ್ ಆಗಿದ್ದವರು, ಅಂದರೆ ಕೆಟ್ಟ ಟ್ಯಾಂಕುಗಳನ್ನು ಎಳೆದು ತಂದು ರಿಪೇರಿ ಮಾಡುವವರು. 1965ರಲ್ಲಿ ಅವರಿಗೆ ಇಪ್ಪತ್ತೆರಡು. ಯುದ್ಧದ ಕಥೆ ಹೇಳಿದ್ದು ನಾನು ಕೇಳಿಲ್ಲ. ಪೆನ್ಷನ್ನು, ಕ್ಯಾಂಟೀನ್ ಕಾರ್ಡು, ಮಂಡಿನೋವು, ಇಷ್ಟೇ ಅವರ ಮಾತು.

ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು. ಬೆರಳಿಟ್ಟು ಚಕ್ರ ಎಣಿಸಿದರು. "ಒಂದೊಂದು ಬದಿಗೆ ಆರು. ಎರಡೆರಡು ಜೋಡಿ. ಸರಿಯಾಗಿ ಮಾಡಿದೀಯ" ಅಂದರು. ನನಗೆ ಪದಕ ಸಿಕ್ಕಷ್ಟು ಸಂತೋಷ. ಬದಿಯ ರಕ್ಷಣಾ ತಗಡು ಬಿಚ್ಚಿ, ಒಳಗಿನ ಸಸ್ಪೆನ್ಷನ್ ಕೂಡ ತೋರಿಸಿದೆ. ಆಮೇಲೆ ಅವರು ಮೇಲಿನ ಗೋಪುರಕ್ಕೆ ಕೈ ಹಾಕಿ, "ಇದು ಬರುತ್ತಾ?" ಅಂತ ಕೇಳಿದರು. ಎತ್ತಿಕೊಟ್ಟೆ. ಒಳಗೆ ಇಣುಕಿದರು.

"ಎಲ್ಲಿ ಕೂತ್ಕೋತಾರೆ?"

"ಒಳಗೆ ಏನೂ ಮಾಡಿಲ್ಲ ದೊಡ್ಡಪ್ಪ. ಗೋಪುರ ಮುಚ್ಚಿದ ಮೇಲೆ ಕಾಣಲ್ವಲ್ಲ."

"ಹೂಂ" ಅಂದರು. ಕೋಸಂಬರಿ ತಿಂದು ಹೊರಟುಹೋದರು.

ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ಆದರೆ ಆ "ಹೂಂ" ನನ್ನನ್ನು ಬಿಡಲಿಲ್ಲ.

ಈ ಹವ್ಯಾಸ ಗೊತ್ತಿಲ್ಲದವರಿಗೆ ಸ್ವಲ್ಪ ವಿವರ ಹೇಳಿಬಿಡುತ್ತೇನೆ. ಅಂಗಡಿಯಲ್ಲಿ ಸಿಗುವ ಡಬ್ಬಿ ತಂದು, ಪುಸ್ತಕ ನೋಡಿ ಜೋಡಿಸುವುದಲ್ಲ ಇದು. ಮೊದಲು ಅಳತೆ. ಲೆಗೊ ಇಟ್ಟಿಗೆಯ ಮೇಲೆ ಗುಂಡನೆ ಗುಬುಟು ಇರುತ್ತದಲ್ಲ, ಒಂದರಿಂದ ಇನ್ನೊಂದಕ್ಕೆ 8 ಮಿಲಿಮೀಟರ್ ದೂರ. ನಿಜವಾದ ಸೆಂಚೂರಿಯನ್ ಅಗಲ 3.39 ಮೀಟರ್. 35ರಲ್ಲಿ ಒಂದು ಪಾಲು ಮಾಡಿದರೆ ಸುಮಾರು 97 ಮಿಲಿಮೀಟರ್, ಅಂದರೆ ಹನ್ನೆರಡು ಗುಬುಟು. ಹೀಗೆ ಲೆಕ್ಕ ಕೂಡಿಬಂದ ದಿನ ಆಗುವ ಖುಷಿಯೇ ಬೇರೆ. ಆಮೇಲೆ ಕಂಪ್ಯೂಟರಿನಲ್ಲಿ ಒಂದೊಂದೇ ತುಂಡು ಇಟ್ಟು ಕಟ್ಟಿ ನೋಡಬೇಕು. ಇಳಿಜಾರಾದ ಉಕ್ಕಿನ ಹಲಗೆ ಬರಬೇಕಾದರೆ ಇಟ್ಟಿಗೆಗಳನ್ನು ಅಡ್ಡಡ್ಡ ಮಲಗಿಸಬೇಕು. ಆಲಿವ್ ಹಸಿರು ಬಣ್ಣದಲ್ಲಿ ಬೇಕಾದ ತುಂಡುಗಳೆಲ್ಲ ಸಿಗುವುದಿಲ್ಲ. ಬಿಡಿಬಿಡಿಯಾಗಿ ಹುಡುಕಿ ತರಿಸಬೇಕು. ನಾನಂತೂ ಹಳೆಯ ಕಪ್ಪುಬಿಳುಪು ಫೋಟೋಗಳನ್ನು ದೊಡ್ಡದು ಮಾಡಿಕೊಂಡು, ಹಿಂದಿನ ದೀಪ ದುಂಡಗಿತ್ತೋ ಚೌಕವಾಗಿತ್ತೋ ಅಂತ ರಾತ್ರಿ ಒಂದು ಗಂಟೆವರೆಗೆ ಕೂತವನು.

ತಮಾಷೆ ಅಂದರೆ, ಈ ಇಟ್ಟಿಗೆ ಮಾಡುವ ಕಂಪನಿಗೆ ನಾವು ಟ್ಯಾಂಕ್ ಕಟ್ಟುವುದು ಇಷ್ಟವೇ ಇಲ್ಲ. ಡೆನ್ಮಾರ್ಕಿನ ಬಿಲ್ಲುಂಡ್ ಎಂಬ ಊರಿನಲ್ಲಿ ಓಲೆ ಕಿರ್ಕ್ ಕ್ರಿಸ್ಟಿಯನ್ಸನ್ ಎಂಬ ಬಡಗಿ 1932ರಲ್ಲಿ ಮರದ ಆಟಿಕೆ ಮಾಡಲು ಶುರುಮಾಡಿದ. ಇವತ್ತಿನ ಇಟ್ಟಿಗೆಯ ಪೇಟೆಂಟ್ ಅರ್ಜಿ ಹಾಕಿದ್ದು 1958ರಲ್ಲಿ. 1978ರಲ್ಲಿ ಬಂದ ಅವರ ಹೆಸರಾಂತ ಕೋಟೆಯ ಸೆಟ್ಟು ಕಲ್ಲಿನ ಬಣ್ಣದಲ್ಲಿರಲಿಲ್ಲ, ಹಳದಿಯಾಗಿತ್ತು. ಬೂದು ಇಟ್ಟಿಗೆ ಕೈಗೆ ಸಿಕ್ಕರೆ ಮಕ್ಕಳು ಟ್ಯಾಂಕ್ ಕಟ್ಟಿಬಿಡುತ್ತಾರೆ ಅನ್ನುವ ಅಂಜಿಕೆಯೇ ಕಾರಣ ಅಂತ ನಮ್ಮ ಹವ್ಯಾಸಿಗಳ ನಡುವೆ ಒಂದು ಮಾತಿದೆ. ಬೂದು ಆಮೇಲೆ ಬಂತು, ಆದರೆ ಇವತ್ತಿನ ಯುದ್ಧಗಳಲ್ಲಿ ಕಾಣುವಂಥ ಆಯುಧಗಳನ್ನು ಸೆಟ್ ಮಾಡಿ ಮಾರುವುದಿಲ್ಲ ಅನ್ನುವ ನೀತಿ ಈಗಲೂ ಇದೆ. 2020ರಲ್ಲಿ ಆಸ್ಪ್ರೇ ಎಂಬ ವಿಮಾನದ ಸೆಟ್ಟು ಮಾರುಕಟ್ಟೆಗೆ ಬರುವ ಹೊತ್ತಿಗೆ, ಅದು ಸೈನ್ಯದ ವಿಮಾನ ಅಂತ ಜರ್ಮನಿಯ ಶಾಂತಿವಾದಿ ಸಂಘಟನೆಯೊಂದು ಪ್ರತಿಭಟಿಸಿತು. ಸೆಟ್ಟಿನ ಮೇಲೆ ಇದ್ದದ್ದು ರಕ್ಷಣಾ ಕಾರ್ಯಾಚರಣೆಯ ವೇಷ, ಬಂದೂಕು ಇರಲಿಲ್ಲ. ಆದರೂ ಕಂಪನಿ ಅದನ್ನು ಹಿಂದಕ್ಕೆ ತೆಗೆದುಕೊಂಡಿತು.

ಇದೇ ಕಂಪನಿ ಮೊದಲ ಮಹಾಯುದ್ಧದ ಸಾಪ್‌ವಿತ್ ಕ್ಯಾಮಲ್ ಯುದ್ಧವಿಮಾನವನ್ನು 2001ರಲ್ಲೂ 2012ರಲ್ಲೂ ಮಾರಿದೆ. ಒಂದಿಡೀ ಗ್ರಹವನ್ನೇ ಸುಟ್ಟುಹಾಕುವ ಸ್ಟಾರ್ ವಾರ್ಸ್ ಸಿನಿಮಾದ ಡೆತ್ ಸ್ಟಾರನ್ನೂ ಮಾರಿದೆ. ಹಾಗಾದರೆ ಗೆರೆ ಎಲ್ಲಿದೆ? ತುಂಬಾ ಹಳೆಯದಾದರೆ ಸರಿ, ಕಲ್ಪನೆಯಾದರೆ ಸರಿ, ದೂರವಿದ್ದರೆ ಸರಿ.

ಇದು ಬೂಟಾಟಿಕೆ ಅಂತ ನಾನು ಎಷ್ಟೋ ಸಲ ವಾದ ಮಾಡಿದ್ದೇನೆ. ಡೆತ್ ಸ್ಟಾರ್ ಕಟ್ಟಿದ ಹುಡುಗನಿಗೆ ಕೊಲೆಗಡುಕ ಅನ್ನದವರು ನನ್ನ ಟ್ಯಾಂಕ್ ನೋಡಿ ಹುಬ್ಬು ಗಂಟಿಕ್ಕುವುದೇಕೆ? ಆಯುಧಪೂಜೆ ದಿನ ಸ್ಕೂಟರಿಗೂ ಲ್ಯಾಪ್‌ಟಾಪಿಗೂ ಕುಂಕುಮ ಇಡುವವರು ನಾವು. ಆಯುಧ ಅಂದ ಕೂಡಲೇ ಬೆಚ್ಚಿಬೀಳುವ ಜನ ಅಲ್ಲ. ಜೊತೆಗೆ ನನ್ನ ಬತ್ತಳಿಕೆಯಲ್ಲಿ ಇನ್ನೂ ಎರಡು ಬಾಣಗಳಿದ್ದವು. ಒಂದು, ಇದು ಎಂಜಿನಿಯರಿಂಗ್: 50 ಟನ್ನಿಗೂ ಹೆಚ್ಚು ತೂಕದ ಯಂತ್ರ ಕೆಸರಿನಲ್ಲಿ ಹೇಗೆ ಓಡುತ್ತದೆ ಅಂತ ತಿಳಿಯುವ ಕುತೂಹಲ. ಎರಡು, ಇದು ಇತಿಹಾಸ: ನಿಖರವಾಗಿ ಮಾಡುವುದೇ ಗೌರವ.

ಎರಡನೆಯ ಬಾಣ ನನ್ನ ಪಾಲಿಗೆ ಬ್ರಹ್ಮಾಸ್ತ್ರವಾಗಿತ್ತು. ದೊಡ್ಡಪ್ಪನ "ಹೂಂ" ಕೆಡವಿದ್ದು ಅದನ್ನೇ.

ಯಾಕೆಂದರೆ, ಮುಚ್ಚಿದ ಮೇಲೆ ಕಾಣಲ್ಲ ಅಂತ ನಾನು ಹೇಳಿದ್ದು ಸುಳ್ಳು. ಕಾಣದ್ದನ್ನು ನಾನು ಮಾಡಿದ್ದೆ. ಬದಿಯ ತಗಡು ಹಾಕಿದ ಮೇಲೆ ಸಸ್ಪೆನ್ಷನ್ನಿನ ಬಹುಪಾಲು ಕಾಣುವುದಿಲ್ಲ. ಅದಕ್ಕೆ ಆರು ವಾರ ಕೊಟ್ಟಿದ್ದೆ. ಎಂಜಿನ್ ಮುಚ್ಚಳದ ಕೆಳಗೆ ಎಂಜಿನ್ ಇಟ್ಟಿದ್ದೆ. ಕಾಣದ ಸ್ಪ್ರಿಂಗು ಮಾಡಿದವನು ಕಾಣದ ಮನುಷ್ಯನಿಗೆ ಜಾಗ ಮಾಡಲಿಲ್ಲ. ಜಾಗ ಸಾಲದೆ ಬಿಟ್ಟಿದ್ದಲ್ಲ. ಅದು ತಲೆಗೇ ಬಂದಿರಲಿಲ್ಲ.

ನಿಖರತೆ ಅಂತ ನಾನು ಕರೆಯುತ್ತಿದ್ದದ್ದು ಏನು ಹಾಗಾದರೆ? ಮೆಚ್ಚಬಹುದಾದ ವಿವರಗಳ ಆಯ್ಕೆ ಅಷ್ಟೇ. ಡೆತ್ ಸ್ಟಾರಿಗೂ ಸೆಂಚೂರಿಯನ್ನಿಗೂ ಇರುವ ವ್ಯತ್ಯಾಸ ಆಗ ಹೊಳೆಯಿತು. ಡೆತ್ ಸ್ಟಾರ್ ಯಾವುದಕ್ಕೂ ನಿಷ್ಠವಾಗಿರಬೇಕಿಲ್ಲ, ಅದರಲ್ಲಿ ಯಾರೂ ಸತ್ತಿಲ್ಲ. ನನ್ನದು "ಇದು ನಿಜವಾಗಿ ಹೀಗಿತ್ತು" ಅಂತ ಹೇಳುತ್ತದೆ. ಹಾಗೆ ಹೇಳಿದ ಮೇಲೆ ಬಿಟ್ಟದ್ದಕ್ಕೂ ಲೆಕ್ಕ ಕೊಡಬೇಕಾಗುತ್ತದೆ. ಎರಡು ಇಟ್ಟಿಗೆ ಸಿಕ್ಕಿಸಿ ಬಾಯಲ್ಲಿ "ಢಂ" ಅನ್ನುವ ಐದು ವರ್ಷದ ಮಗುವಿನ ಟ್ಯಾಂಕ್ ಸುಳ್ಳು ಹೇಳುವುದಿಲ್ಲ. ಹಿಂದಿನ ದೀಪದ ಆಕಾರ ಕೂಡ ಸರಿಯಾಗಿರುವ ನನ್ನ ಟ್ಯಾಂಕ್ ಹೇಳುತ್ತದೆ. ವಿವರ ಹೆಚ್ಚಿದಷ್ಟೂ ನೋಡುವವನಿಗೆ ನಂಬಿಕೆ ಹೆಚ್ಚುತ್ತದೆ, ಎಲ್ಲ ಇಲ್ಲೇ ಇದೆ ಅಂದುಕೊಳ್ಳುತ್ತಾನೆ.

ಇದು ಆಟಿಕೆಗೆ ಮಾತ್ರ ಸಂಬಂಧಪಟ್ಟ ವಿಷಯ ಅಂತ ನನಗನ್ನಿಸುವುದಿಲ್ಲ. ಆಫೀಸಿನಲ್ಲಿ ನಾನು ಮಾಡುವ ಕೆಲಸವೂ ಇಂಥದ್ದೇ. ಒಂದು ಸಿಸ್ಟಮ್ಮಿನ ಒಂದು ಮೂಲೆಯನ್ನು ಎಷ್ಟು ಚೆನ್ನಾಗಿ ಮಾಡುತ್ತೇವೆ ಅಂದರೆ, ಅದರ ಇನ್ನೊಂದು ತುದಿಯಲ್ಲಿ ಯಾರಿದ್ದಾರೆ ಅಂತ ಕೇಳಲು ಪುರುಸೊತ್ತೇ ಇರುವುದಿಲ್ಲ. ಚೆನ್ನಾಗಿ ಮಾಡುವುದೇ ಒಳ್ಳೆಯದು ಮಾಡಿದಂತೆ ಅಂತ ಅನ್ನಿಸಿಬಿಡುತ್ತದೆ. ಕುಶಲತೆಗೆ ಆ ಗುಣ ಇದೆ. ಅದು ಮನಸ್ಸನ್ನು ತುಂಬಿಬಿಡುತ್ತದೆ, ಬೇರೆ ಪ್ರಶ್ನೆಗೆ ಜಾಗ ಬಿಡುವುದಿಲ್ಲ.

ದೀಪಾವಳಿ ಕಳೆದ ಮೇಲೆ ದೊಡ್ಡಪ್ಪನ ಮನೆಗೆ ಹೋದೆ. ಪುಸ್ತಕ, ಪೆನ್ಸಿಲ್ ಹಿಡಿದುಕೊಂಡು ಹೋಗಿದ್ದೆ. "ಒಳಗೆ ಯಾರು ಎಲ್ಲಿ ಕೂತ್ಕೋತಾರೆ, ಹೇಳಿ" ಅಂದೆ.

ಅವರು ಸಲೀಸಾಗಿ ಬಿಡಿಸಿ ತೋರಿಸಿದರು. ಒಟ್ಟು ನಾಲ್ಕು ಜನ. ಮುಂದೆ ಬಲಗಡೆ ಡ್ರೈವರ್, ಒಬ್ಬನೇ. ಮೇಲೆ ಗೋಪುರದಲ್ಲಿ ಮೂರು ಜನ. ಬಲಕ್ಕೆ ಗನ್ನರ್, ಅವನ ಹಿಂದೆ ಸ್ವಲ್ಪ ಎತ್ತರದಲ್ಲಿ ಕಮಾಂಡರ್. ಎಡಕ್ಕೆ ಗುಂಡು ತುಂಬುವವನು, ರೇಡಿಯೋ ಕೂಡ ಅವನದ್ದೇ. "ಮೂರು ಜನಕ್ಕೆ ಅಷ್ಟೇ ಜಾಗ. ಸುತ್ತ ಗುಂಡು. ಸೆಪ್ಟೆಂಬರ್ ಬಿಸಿಲು" ಅಂದರು. ಆಮೇಲೆ ಡ್ರೈವರ್ ಮುಚ್ಚಳದ ಮೇಲೆ ಪೆನ್ಸಿಲ್ ಇಟ್ಟು, "ಏಟು ಬಿದ್ದಾಗ ಗನ್ನು ಬಲಕ್ಕೆ ತಿರುಗಿ ಇದರ ಮೇಲೆ ಅಡ್ಡ ನಿಂತುಬಿಟ್ರೆ, ಇವನಿಗೆ ಕಷ್ಟ" ಅಂದರು. ಸ್ವಲ್ಪ ಹೊತ್ತು ಪೆನ್ಸಿಲ್ ಅಲ್ಲೇ ಇತ್ತು.

"ನೀವು ಒಳಗೆ ಇಳೀತಿದ್ರಾ?"

"ಇಳೀದೆ ರಿಪೇರಿ ಹೆಂಗೆ ಮಾಡೋದು? ಮೊದಲು ತೊಳೀಬೇಕಿತ್ತು. ಆಮೇಲೆ ರಿಪೇರಿ."

ನಾನು ಏನೂ ಕೇಳಲಿಲ್ಲ. ಅವರೇ ಮುಂದುವರಿಸಿದರು. "ಪ್ಯಾಟನ್ನೂ ಎಳ್ಕೊಂಡು ಬಂದಿದೀವಿ. ಮೆಷಿನ್ನು ಬೇರೆ. ತೊಳೆಯೋ ಕೆಲಸ ಒಂದೇ."

"ಹಾಗಾದ್ರೆ ನಾನು ಇದನ್ನ ಮಾಡಿದ್ದು ತಪ್ಪಾ ದೊಡ್ಡಪ್ಪ?"

ಅವರಿಗೆ ನಗು ಬಂತು. "ತಪ್ಪು ಯಾಕೋ? ಒಳ್ಳೆ ಗಾಡಿ ಅದು. ನನಗೆ ಅದರ ಮೇಲೆ ಪ್ರೀತಿ ಇತ್ತು."

ಈ ಉತ್ತರ ನನಗೆ ಇನ್ನೂ ಪೂರ್ತಿ ಅರಗಿಲ್ಲ. ಯುದ್ಧ ಕಂಡವರು ಟ್ಯಾಂಕನ್ನು ದ್ವೇಷಿಸಬೇಕು ಅಂತ ನಾನು ಅಂದುಕೊಂಡಿದ್ದೆ. ಅವರು ದ್ವೇಷಿಸುವುದಿಲ್ಲ. ಯಂತ್ರವನ್ನು ಮೆಚ್ಚುವುದು, ಅದರೊಳಗೆ ನಡೆದದ್ದನ್ನು ಮರೆಯದಿರುವುದು, ಎರಡೂ ಒಬ್ಬ ಮನುಷ್ಯನಲ್ಲಿ ಅರವತ್ತು ವರ್ಷ ಒಟ್ಟಿಗೇ ಇದ್ದವು. ನನ್ನಲ್ಲಿ ಮೊದಲನೆಯದು ಮಾತ್ರ ಇತ್ತು. ಆ ಮೆಚ್ಚುಗೆಗೆ ನಾನು ಏನನ್ನೂ ತೆತ್ತಿರಲಿಲ್ಲ. ಆಗ ಕಂಪನಿಯ ನೀತಿ ಬೂಟಾಟಿಕೆ ಅಂತ ಕಾಣುವುದು ಸ್ವಲ್ಪ ಕಡಿಮೆಯಾಯಿತು. ಅದರ ಗೆರೆ ಅಂಕುಡೊಂಕು, ನಿಜ. ಆದರೆ ದೂರ ಅನ್ನುವುದು ಒಂದು ಪ್ರಾಮಾಣಿಕ ಅಳತೆ. ಯಾರಿಗೆ ದೂರ ಅನ್ನುವುದಷ್ಟೇ ಪ್ರಶ್ನೆ. ನನಗೆ 1965 ಇತಿಹಾಸ. ಕನ್ನಡಕ ಏರಿಸಿಕೊಂಡು ಗೋಪುರದೊಳಗೆ ಇಣುಕಿದವರಿಗೆ ಅಲ್ಲ.

ಮನೆಗೆ ಬಂದು ಗೋಪುರ ಬಿಚ್ಚಿದೆ. ಗೋಪುರ ತಿರುಗಲೆಂದು ಹಾಕಿದ್ದ ಟರ್ನ್‌ಟೇಬಲ್ಲೇ ಜಾಗವನ್ನೆಲ್ಲ ತಿಂದಿತ್ತು. ಅದನ್ನು ಕಿತ್ತು, ಅಂಚಿನ ಮೇಲೆ ಜಾರುವಂತೆ ಬೇರೆ ರೀತಿ ಕಟ್ಟಲು ಮೂರು ವಾರಾಂತ್ಯ ಬೇಕಾಯಿತು. ಲೆಗೊ ಮನುಷ್ಯರನ್ನು ಕೂರಿಸಲು ಆಗಲಿಲ್ಲ. ಈ ಅಳತೆಯಲ್ಲಿ ಅವರು ಕುಳ್ಳರು, ಭುಜ ಮಾತ್ರ ವಿಪರೀತ ಅಗಲ. ಮೂರು ಜನ ಹಿಡಿಸುವುದೇ ಇಲ್ಲ. ಹಾಗಾಗಿ ಬರೀ ಸೀಟು. ಡ್ರೈವರಿನ ಮುಚ್ಚಳ ಮೊದಲು ಅಂಟಿಸಿದಂತಿತ್ತು, ಈಗ ತೆರೆಯುತ್ತದೆ. ಗನ್ನನ್ನು ಬಲಕ್ಕೆ ತಿರುಗಿಸಿದರೆ ತೆರೆಯುವುದಿಲ್ಲ. ಅದನ್ನು ನಾನು ಸರಿಪಡಿಸಲಿಲ್ಲ.

ನಾಲ್ಕು ಸೀಟು ಹಾಕಿದ ಮಾತ್ರಕ್ಕೆ ಪಾಪ ಪರಿಹಾರ ಆಯಿತು ಅಂತ ಹೇಳುತ್ತಿಲ್ಲ. ಮುಚ್ಚಿದರೆ ಅದು ಈಗಲೂ ಕಾಣುವುದಿಲ್ಲ, ಬಂದವರು ಈಗಲೂ ಫೋಟೋ ತೆಗೆಯುತ್ತಾರೆ. ಇನ್ನೂ ಒಂದು ವಿಷಯ ಇದೆ. ಒಳಗಿನ ನಾಲ್ವರನ್ನು ಲೆಕ್ಕಕ್ಕೆ ತೆಗೆದುಕೊಂಡೆ, ಸರಿ. ಆ ಗನ್ನಿನ ಮುಂದೆ ಇದ್ದವರು? ಅವರಿಗೆ ನನ್ನ ಮಾದರಿಯಲ್ಲಿ ಎಲ್ಲೂ ಜಾಗವಿಲ್ಲ. ಟ್ಯಾಂಕಿನ ಮಾದರಿ ಟ್ಯಾಂಕಿನ ಅಂಚಿಗೇ ಮುಗಿದುಹೋಗುತ್ತದೆ. ಎಷ್ಟು ನಿಖರವಾಗಿ ಕಟ್ಟಿದರೂ ಅದರ ಕೆಲಸ ಏನು ಅನ್ನುವುದು ಮಾದರಿಯ ಹೊರಗೇ ಉಳಿಯುತ್ತದೆ.

ಈಗ ಪ್ಯಾಟನ್ ಎಂ 48 ಡಿಸೈನ್ ಮಾಡುತ್ತಿದ್ದೇನೆ. ಅದರ ಅಗಲ 3.63 ಮೀಟರ್. ಲೆಕ್ಕ ಹಾಕಿದರೆ ಹದಿಮೂರು ಗುಬುಟು ಬರುತ್ತದೆ. ಬೆಸ ಸಂಖ್ಯೆ ಬಂದರೆ ನಮ್ಮಂಥವರಿಗೆ ತಲೆನೋವು. ನಡುವಿನ ಗೆರೆ ಗುಬುಟಿನ ಮೇಲೇ ಬಂದು ಕೂರುತ್ತದೆ, ಪ್ರತಿಯೊಂದನ್ನೂ ಅರ್ಧ ಗುಬುಟು ಜರುಗಿಸಿ ಕಟ್ಟಬೇಕು. ಈ ಸಲ ಹೊರಗಿನ ಉಕ್ಕು, ಚಕ್ರ, ದೀಪ ಯಾವುದನ್ನೂ ಇನ್ನೂ ಮುಟ್ಟಿಲ್ಲ. ಅದರಲ್ಲೂ ನಾಲ್ಕೇ ಜನ. ಮೊದಲು ಅವರ ಸೀಟುಗಳನ್ನು ಇಟ್ಟಿದ್ದೇನೆ, ಸುತ್ತ ಟ್ಯಾಂಕು ಆಮೇಲೆ.

ಮುಂದಿನ ದಸರೆಗೆ ಎರಡನ್ನೂ ಇಡಬೇಕೋ ಬೇಡವೋ, ಅಮ್ಮನನ್ನು ಇನ್ನೂ ಕೇಳಿಲ್ಲ. ದೊಡ್ಡಪ್ಪನನ್ನೂ.