ಸ್ಮರಣೆಯೂ ಋಣವೂ

ಅಗಲಿದವರನ್ನು ನೆನೆಯುವುದು ಲೋಕದಲ್ಲೆಲ್ಲ ಇರುವ ಸಂಪ್ರದಾಯ. ಆದರೆ ನೆನೆಯುವ ಬಗೆ ಯಾವುದು ಧರ್ಮ್ಯ, ಯಾವುದು ಅಲ್ಲ ಎಂಬ ವಿಚಾರ ಬಂದಾಗ ತಿಳಿದವರೂ ತಡವರಿಸುತ್ತಾರೆ. ಮೃತರ ಗುಣಗಾನ ಮಾಡುವಾಗ ಬದುಕಿರುವವರ ಮನಸ್ಸಿಗೆ ಘಾಸಿಯಾಗಬಹುದೆ? ಕೊಟ್ಟವರು ಕಣ್ಮರೆಯಾದ ಮೇಲೆ ಪಡೆದವರ ಋಣ ಉಳಿಯುತ್ತದೆಯೆ, ಅಳಿಯುತ್ತದೆಯೆ? ಶ್ರಾವಕಜೀವನಕ್ಕೆ ಸಂಬಂಧಿಸಿದ ಈ ಪ್ರಶ್ನೆಗಳನ್ನು ಒಂದು ಪ್ರಸಂಗದ ಮೂಲಕ ಪರಿಶೀಲಿಸಬಹುದು.

ಹಳೆಯ ಮೈಸೂರು ಸೀಮೆಯ ಒಂದು ಪಟ್ಟಣದ ಕಾಲೇಜಿನಲ್ಲಿ ಮಹಿಳೆಯೊಬ್ಬರು ಮೂವತ್ತು ವರ್ಷಗಳಿಗೂ ಮಿಕ್ಕಿ ಗುಮಾಸ್ತೆಯಾಗಿದ್ದರು. ಶುಲ್ಕ ಕಟ್ಟುವ ಕಿಟಕಿಯ ಹಿಂದೆ ಅವರ ಮೇಜು. ಅವರು ಪಾಠ ಹೇಳಿದವರಲ್ಲ, ವೇದಿಕೆ ಏರಿದವರೂ ಅಲ್ಲ. ಆದರೂ ಹಳ್ಳಿಗಳಿಂದ ಬಂದ ಮಕ್ಕಳಿಗೆ ಕಾಲೇಜು ಎಂದೊಡನೆ ನೆನಪಾಗುತ್ತಿದ್ದುದು ‘ಆಫೀಸಿನ ಅಕ್ಕ’. ವಿದ್ಯಾರ್ಥಿವೇತನದ ಅರ್ಜಿಯಲ್ಲಿ ತಪ್ಪಿದ್ದರೆ ಬೆರಳಿಟ್ಟು ತೋರಿಸುವವರು ಅವರು. ಆದಾಯದ ಪ್ರಮಾಣಪತ್ರಕ್ಕಾಗಿ ತಾಲ್ಲೂಕು ಕಚೇರಿಗೆ ಅಲೆದು ಬೇಸತ್ತ ಹುಡುಗನಿಗೆ ಯಾವ ಹೊತ್ತಿನಲ್ಲಿ ಹೋದರೆ ಕೆಲಸವಾಗುತ್ತದೆಂದು ತಿಳಿಸುವವರು ಅವರು. ಪರೀಕ್ಷಾಶುಲ್ಕದ ಕಡೆಯ ದಿನ, ಹಣ ಸಾಲದೆ ಕಿಟಕಿಯ ಮುಂದೆ ತಲೆ ತಗ್ಗಿಸಿ ನಿಂತವರನ್ನು ಅವರು ಸಾಲಿನಲ್ಲಿದ್ದವರೆದುರು ಪ್ರಶ್ನಿಸುತ್ತಿರಲಿಲ್ಲ. “ಮಧ್ಯಾಹ್ನ ಬಾ” ಎಂದಷ್ಟೇ ಹೇಳುತ್ತಿದ್ದರು. ಮಧ್ಯಾಹ್ನ ರಸೀದಿ ಸಿದ್ಧವಾಗಿರುತ್ತಿತ್ತು.

ನಿವೃತ್ತರಾದ ಕೆಲವು ವರ್ಷಗಳ ಬಳಿಕ ಅವರು ತೀರಿಕೊಂಡರು. ಹಳೆಯ ವಿದ್ಯಾರ್ಥಿಗಳು ಶ್ರದ್ಧಾಂಜಲಿ ಸಭೆಗೆ ಸಿದ್ಧತೆ ನಡೆಸಿದ್ದಾಗ, ಅವರ ತಂಗಿ ಪೆಟ್ಟಿಗೆಯಲ್ಲಿ ಸಿಕ್ಕಿದ ಚಿಕ್ಕ ಲೆಕ್ಕದ ಪುಸ್ತಕವೊಂದನ್ನು ತಂದು ತೋರಿಸಿದರು. ಹಾಳೆಹಾಳೆಗೂ ಹೆಸರು, ತಾರೀಖು, ಮೊತ್ತ: ಮೂವತ್ತೈದು ರೂಪಾಯಿ, ಎಂಬತ್ತು ರೂಪಾಯಿ, ನೂರಿಪ್ಪತ್ತು ರೂಪಾಯಿ. ಕೆಲವು ಸಾಲುಗಳನ್ನು ಗೀಟೆಳೆದು ಹೊಡೆದುಹಾಕಲಾಗಿತ್ತು. ಕೆಲವು ಹಾಗೆಯೇ ಉಳಿದಿದ್ದವು.

ವ್ಯವಸ್ಥಾಪಕರಲ್ಲೊಬ್ಬರು ಆ ಪುಸ್ತಕವನ್ನು ಸಭೆಯಲ್ಲಿ ಓದಿಸಬೇಕೆಂದರು. “ಆಕೆ ಎಷ್ಟು ಮಂದಿಯನ್ನು ಕಾಪಾಡಿದರೆಂಬುದು ಲೋಕಕ್ಕೆ ತಿಳಿಯಲಿ, ನಾವು ಹೇಳುವುದು ಸುಳ್ಳಲ್ಲವಲ್ಲ” ಎಂಬುದು ಅವರ ವಾದ. ಅವರ ಉದ್ದೇಶ ಒಳ್ಳೆಯದೇ ಆಗಿತ್ತು. ಆಗ ಅಲ್ಲಿದ್ದ ವೃದ್ಧ ಅಧ್ಯಾಪಕರೊಬ್ಬರು, “ಆಕೆ ಮಧ್ಯಾಹ್ನ ಬಾ ಎಂದದ್ದು ಏಕೆಂದು ಯೋಚಿಸಿದ್ದೀರಾ?” ಎಂದು ಕೇಳಿದರು. ಯಾರೂ ಉತ್ತರ ಕೊಡಲಿಲ್ಲ.

ಇಲ್ಲಿ ಸತ್ಯಾಣುವ್ರತದ ಸೂಕ್ಷ್ಮವೊಂದು ಅಡಗಿದೆ. ಇದ್ದುದನ್ನು ಇದ್ದಂತೆ ಹೇಳಿದರೆ ಸತ್ಯವ್ರತ ಪೂರ್ಣವಾಯಿತೆಂದು ಹಲವರು ಭಾವಿಸುತ್ತಾರೆ. ಆದರೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಸತ್ಯವ್ರತದ ಅತಿಚಾರಗಳನ್ನು ಎಣಿಸುವಾಗ ರಹೋಭ್ಯಾಖ್ಯಾನವನ್ನೂ ಸೇರಿಸಿದ್ದಾರೆ. ಏಕಾಂತದಲ್ಲಿ ನಡೆದುದನ್ನು ಬಹಿರಂಗಪಡಿಸುವುದೇ ಅದು. ಬಯಲಿಗೆಳೆದ ಸಂಗತಿ ನಿಜವಾಗಿದ್ದರೂ ವ್ರತಕ್ಕೆ ಕುಂದು ತಪ್ಪದು; ಏಕೆಂದರೆ ಜೈನಧರ್ಮದಲ್ಲಿ ಸತ್ಯವು ಅಹಿಂಸೆಯ ರಕ್ಷಣೆಗಾಗಿ ಇರುವ ವ್ರತ, ಅದರಿಂದ ಬೇರ್ಪಟ್ಟುದಲ್ಲ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನವೂ ಒಂದು. ಪರರ ದೋಷವನ್ನೇ ಡಂಗುರ ಸಾರಬಾರದೆಂದ ಮೇಲೆ, ದೋಷವೇ ಅಲ್ಲದ ಬಡತನವನ್ನು ಸಾರುವುದು ಹೇಗೆ ಉಚಿತವಾದೀತು? ಆ ಮಹಿಳೆ ಕೊಟ್ಟದ್ದು ಹಣವನ್ನು ಮಾತ್ರವಲ್ಲ, ಹಣದೊಡನೆ ಮರೆಯನ್ನೂ ಕೊಟ್ಟಿದ್ದರು. ಮರೆಯನ್ನು ಕಿತ್ತುಹಾಕಿ ಹಣವನ್ನು ಹೊಗಳಿದರೆ ಅವರ ದಾನದ ಅರ್ಧವನ್ನು ಅಳಿಸಿದಂತೆ.

ಪುಸ್ತಕವನ್ನು ಓದಿಸಲಿಲ್ಲ, ತಂಗಿಯ ಕೈಗೆ ಹಿಂದಿರುಗಿಸಲಾಯಿತು. ಆದರೆ ಪ್ರಸಂಗ ಅಲ್ಲಿಗೆ ಮುಗಿಯಲಿಲ್ಲ. ಸಭೆಯ ಮರುದಿನ ಮಧ್ಯವಯಸ್ಸಿನ ಗೃಹಸ್ಥರೊಬ್ಬರು ತಂಗಿಯ ಮನೆಗೆ ಬಂದು, ತಾವು ಎಂಬತ್ತು ರೂಪಾಯಿ ಹಿಂದಿರುಗಿಸಬೇಕಾಗಿತ್ತೆಂದೂ ಮೊದಲು ಸಂಕೋಚದಿಂದ, ಆಮೇಲೆ ಉದಾಸೀನದಿಂದ ಕೊಡದೆ ಉಳಿದೆನೆಂದೂ ಹೇಳಿದರು. ತಂಗಿ ಪುಸ್ತಕ ತೆರೆದು ನೋಡಿದರೆ ಅವರ ಹೆಸರಿನ ಸಾಲಿಗೆ ಎಂದೋ ಗೀಟು ಬಿದ್ದಿತ್ತು! ಬಾರದ ಹಣವನ್ನು ಬಂದಂತೆ ಎಣಿಸಿ ಅಕ್ಕ ತಾವೇ ಹೊಡೆದುಹಾಕಿದ್ದರು. ಹಾಗಾದರೆ ಗೀಟು ಬಿದ್ದವರೆಲ್ಲ ಋಣ ತೀರಿಸಿದವರಲ್ಲ. ಗೀಟಿಲ್ಲದವರಲ್ಲಿಯೂ ಯಾರು ಕೊಟ್ಟರು, ಬರೆಯಲು ಮರೆತದ್ದೆಷ್ಟು ಎಂದು ಹೇಳಬಲ್ಲವರಾರು? ಲೋಕದ ಮುಂದೆ ಸಾಕ್ಷಿಯಾಗಿ ಹಿಡಿಯಬೇಕೆಂದಿದ್ದ ಪುಸ್ತಕ ನಿಜವಾಗಿ ಯಾರ ವಿಷಯದಲ್ಲಿಯೂ ಸಾಕ್ಷಿ ಹೇಳುತ್ತಿರಲಿಲ್ಲ. ಋಣಿ ಯಾರೆಂಬುದನ್ನು ಬಲ್ಲದ್ದು ಋಣಿಯ ಆತ್ಮವೊಂದೇ.

“ನಿಮ್ಮ ಲೆಕ್ಕ ಮುಗಿದಿದೆ” ಎಂದು ತಂಗಿ ಹೇಳಿದರೂ ಆ ಗೃಹಸ್ಥರು ಹಣವನ್ನು ಹಿಂದಕ್ಕೆ ಒಯ್ಯಲಿಲ್ಲ. ಅವರ ನಡೆ ಸರಿಯಾದುದೆಂಬುದಕ್ಕೆ ಅದೇ ಸೂತ್ರದಲ್ಲಿ ಆಧಾರವಿದೆ. ನ್ಯಾಸಾಪಹಾರ ಎಂಬುದು ಮತ್ತೊಂದು ಅತಿಚಾರ. ಒಡವೆಯನ್ನು ಇರಿಸಿ ಹೋದವನು ಅದರ ಸಂಖ್ಯೆಯನ್ನು ಮರೆತು ಕಡಿಮೆ ಕೇಳಿದಾಗ, ಇರಿಸಿಕೊಂಡವನು ‘ಅಷ್ಟೇ ಹೌದು’ ಎಂದು ಒಪ್ಪಿಬಿಡುವುದನ್ನು ವ್ಯಾಖ್ಯಾನಕಾರರು ಇದಕ್ಕೆ ಉದಾಹರಣೆಯಾಗಿ ಕೊಡುತ್ತಾರೆ. ಕೊಟ್ಟವನ ಮರೆವು ಪಡೆದವನ ಹಕ್ಕಾಗದು. ಮರೆವೇ ಋಣವನ್ನು ಅಳಿಸದಿದ್ದರೆ ಮರಣವು ಹೇಗೆ ಅಳಿಸೀತು? ಕೊಟ್ಟವರು ಕ್ಷಮಿಸಿದ್ದರೆ ಅದು ಅವರ ಔದಾರ್ಯ. ಆದರೂ ಒಪ್ಪಿಕೊಳ್ಳಬೇಕಾದ ಕರ್ತವ್ಯ ಪಡೆದವರಲ್ಲಿ ಉಳಿದೇ ಇರುತ್ತದೆ. ಪ್ರತಿಕ್ರಮಣದ ಕಾಲದಲ್ಲಿ ತನ್ನ ತಪ್ಪನ್ನು ತಾನೇ ಎಣಿಸುವ ಶ್ರಾವಕನು ಬೇರೊಬ್ಬರ ಲೆಕ್ಕದ ಪುಸ್ತಕಕ್ಕೆ ಕಾಯುವುದಿಲ್ಲ.

ಸಭೆಯಲ್ಲಿ ಕಣ್ಣೀರಿಟ್ಟವರು ಅನೇಕರಿದ್ದರು. ಕಣ್ಣೀರು ತಪ್ಪೆಂದು ಯಾರೂ ಹೇಳಲಾರರು. ಆದರೆ ಇಷ್ಟವಿಯೋಗದಲ್ಲಿಯೇ ಮನಸ್ಸು ಮತ್ತೆಮತ್ತೆ ಸುತ್ತುತ್ತಿದ್ದರೆ ಅದು ಆರ್ತಧ್ಯಾನವೆಂದು ಆಗಮ ಎಚ್ಚರಿಸುತ್ತದೆ. ರವಿಷೇಣಾಚಾರ್ಯರ ಪದ್ಮಪುರಾಣದಲ್ಲಿ ಶ್ರೀರಾಮನು ಮೃತನಾದ ಲಕ್ಷ್ಮಣನ ದೇಹವನ್ನು ಆರು ತಿಂಗಳು ಹೊತ್ತು ತಿರುಗಿದ ಕಥೆಯಿದೆ. ಆತನನ್ನು ಎಚ್ಚರಿಸಲು ದೇವತೆಗಳು ಒಣಗಿದ ಮರಕ್ಕೆ ನೀರೆರೆಯುತ್ತಾರೆ, ಮರಳನ್ನು ಗಾಣಕ್ಕೆ ಹಾಕಿ ಎಣ್ಣೆ ತೆಗೆಯಲು ಹೊರಡುತ್ತಾರೆ. ಅಂತಹ ಪುರುಷೋತ್ತಮನನ್ನೂ ಮೋಹ ಬಿಡಲಿಲ್ಲ. ಎಚ್ಚೆತ್ತ ರಾಮನು ಸಂಸ್ಕಾರ ನೆರವೇರಿಸಿ, ಮುಂದೆ ದೀಕ್ಷೆಯ ಮಾರ್ಗ ಹಿಡಿದನು. ಆತನು ತಮ್ಮನನ್ನು ಮರೆತನೆಂದು ಇದರ ಅರ್ಥವಲ್ಲ. ಹೊತ್ತುಕೊಂಡು ತಿರುಗುವುದನ್ನು ಬಿಟ್ಟು ನಡೆಯಬೇಕಾದ ದಾರಿಯಲ್ಲಿ ನಡೆದನು. ಗುಣವಂತರನ್ನು ಕಂಡು ಹರ್ಷಿಸುವ ಪ್ರಮೋದಭಾವನೆಯೂ ಹೀಗೆಯೇ. ಅಗಲಿದವರ ಗುಣ ನೆನೆಯುವವನ ನಡತೆಯಲ್ಲಿ ಮೂಡಿದಾಗ ಮಾತ್ರ ಅದು ಸಾರ್ಥಕ.

ಹಾಗೆಂದು ಸ್ಮಾರಕಗಳನ್ನು ಜೈನಸಂಪ್ರದಾಯ ಅಲ್ಲಗಳೆದಿಲ್ಲ. ಶ್ರವಣಬೆಳಗೊಳದ ಚಂದ್ರಗಿರಿಯ ಬಂಡೆಗಳ ಮೇಲೆ ನಿಸಿದಿ ಶಾಸನಗಳು ನೂರಾರು ವರ್ಷಗಳಿಂದ ನಿಂತಿವೆ. ಅಲ್ಲಿನ ಪ್ರಾಚೀನ ನಿಸಿದಿಗಳಲ್ಲಿ ಎಷ್ಟೋ ಒಂದೆರಡು ಸಾಲಿನವು: ಇಂತಹವರು ನೋಂತು ಮುಡಿಪಿದರು ಎಂದಷ್ಟೇ ಹೇಳಿ ಸುಮ್ಮನಾಗುತ್ತವೆ. ಹೆಸರಿನ ಪಕ್ಕದಲ್ಲಿ ಉಳಿದದ್ದು ಆ ಜೀವ ಹಿಡಿದ ವ್ರತ.

ಆ ಕಾಲೇಜಿನಲ್ಲಿ ಅಕ್ಕನ ಪುತ್ಥಳಿ ಏಳಲಿಲ್ಲ. ಎಂಬತ್ತು ರೂಪಾಯಿಯ ಸುದ್ದಿ ಹೆಸರಿಲ್ಲದೆ ಹರಡಿ, ಮತ್ತೆ ಕೆಲವರು ತಾವಾಗಿಯೇ ಬಂದರು. ಕೂಡಿದ ಹಣ ಬಡ ವಿದ್ಯಾರ್ಥಿಗಳ ಪರೀಕ್ಷಾಶುಲ್ಕಕ್ಕೆ ಮೀಸಲಾಯಿತು. ತಂಗಿ ಹಾಕಿದ ನಿಬಂಧನೆ ಒಂದೇ: ಕೊಟ್ಟವರ ಹೆಸರಾಗಲಿ ಪಡೆದವರ ಹೆಸರಾಗಲಿ ಫಲಕದ ಮೇಲೆ ಬರಕೂಡದು.

ನಮ್ಮ ಬಸದಿಗಳ ಆಡಳಿತ ಮಂಡಲಿಗಳೂ ದತ್ತಿನಿಧಿಗಳೂ ಅಗಲಿದವರ ಹೆಸರಿನಲ್ಲಿ ವಿದ್ಯಾರ್ಥಿವೇತನ ನೀಡುತ್ತಿರುವುದು ಶ್ಲಾಘ್ಯ. ಆದರೆ ಹುಡುಗನೊಬ್ಬನನ್ನು ಸಭೆಯ ನಡುವೆ ಕರೆದು, ‘ಬಡ ವಿದ್ಯಾರ್ಥಿ’ ಎಂದು ಸಾರಿ, ಲಕೋಟೆ ಕೊಟ್ಟು ಛಾಯಾಚಿತ್ರ ತೆಗೆಸುವಾಗ, ಆತನ ತಲೆ ಎತ್ತಿದೆಯೆ ತಗ್ಗಿದೆಯೆ ಎಂದು ಒಮ್ಮೆ ನೋಡುವುದು ಒಳಿತು. ತಗ್ಗಿದ್ದರೆ, ಯಾರ ಸ್ಮರಣಾರ್ಥವಾಗಿ ಆ ದಾನ ನಡೆಯಿತೋ ಅವರಿಗೂ ಅದು ಗೌರವವಾಗದು. ಅವನಿಗೂ ಮಧ್ಯಾಹ್ನ ಬಾ ಎಂದು ಹೇಳಬಹುದು.