ಮಾತ್ರೆಯ ಕೆಡುಕನ್ನು ರೋಗಿಗೆ ಹೇಳಬೇಕೇ?

ಕೊಲೆಸ್ಟರಾಲ್ ಎಂಬ ಪದ ಒಂದು ತಲೆಮಾರಿನ ಹಿಂದೆ ವೈದ್ಯರ ಬಾಯಲ್ಲಿ ಮಾತ್ರ ಇತ್ತು. ಇಂದು ಅದು ಮದುವೆ ಮನೆಯ ಊಟದ ಸಾಲಿನಲ್ಲೂ ಕೇಳಿಬರುತ್ತದೆ. ಐವತ್ತು ದಾಟಿದವರ ಮನೆಗಳಲ್ಲಿ ಬಿ.ಪಿ., ಶುಗರಿನ ಮಾತ್ರೆಗಳ ಜೊತೆ ಇನ್ನೊಂದು ಪುಟ್ಟ ಮಾತ್ರೆಯೂ ಸೇರಿಕೊಂಡಿದೆ. ಅಟೋರ್ವಾಸ್ಟಾಟಿನ್, ರೋಸುವಾಸ್ಟಾಟಿನ್ ಮುಂತಾದ ಹೆಸರುಗಳಿರುವ ಈ ಮಾತ್ರೆಗಳ ಕುಟುಂಬವನ್ನು ಸ್ಟಾಟಿನ್‌ಗಳೆಂದು ಕರೆಯುತ್ತಾರೆ. ಬರೆದುಕೊಟ್ಟ ಚೀಟಿಯನ್ನು ಕೈಗೆತ್ತಿಕೊಂಡ ರೋಗಿ ಬಾಗಿಲ ಬಳಿ ನಿಂತು, "ಡಾಕ್ಟ್ರೇ, ಇದರಿಂದ ಸೈಡ್ ಎಫೆಕ್ಟ್ ಏನಾದ್ರೂ ಆಗುತ್ತಾ?" ಎಂದು ಕೇಳುತ್ತಾನೆ. "ಏನೂ ಆಗಲ್ಲ, ತಗೊಳ್ಳಿ" ಎಂಬ ಉತ್ತರ ಬರುತ್ತದೆ. ಮುಂದಿನ ರೋಗಿ ಒಳಗೆ ಬರುತ್ತಾನೆ.

ಈ ಎರಡು ಮಾತುಗಳ ನಡುವೆ ಒಂದು ದೊಡ್ಡ ನೈತಿಕ ಪ್ರಶ್ನೆ ಅಡಗಿದೆ. "ಏನೂ ಆಗಲ್ಲ" ಎಂಬುದು ಅಕ್ಷರಶಃ ಸತ್ಯವಲ್ಲ. ಆದರೆ ಅದನ್ನು ಹೇಳಿದವರ ಉದ್ದೇಶ ಕೆಟ್ಟದ್ದೂ ಅಲ್ಲ. ಎಲ್ಲವನ್ನೂ ಹೇಳಿದರೆ ಈ ಮನುಷ್ಯ ಹೆದರಿ ಮಾತ್ರೆ ಬಿಡುತ್ತಾನೆ, ನಾಳೆ ಹೃದಯಾಘಾತವಾದರೆ ಯಾರು ಹೊಣೆ ಎಂಬ ಕಾಳಜಿ ಅದರ ಹಿಂದಿದೆ. ಹಾಗಾದರೆ ಒಳಿತಿಗಾಗಿ ಸತ್ಯವನ್ನು ಮುಚ್ಚಿಡಬಹುದೇ? ಅಥವಾ ಪರಿಣಾಮ ಏನೇ ಇರಲಿ, ಗೊತ್ತಿರುವುದನ್ನೆಲ್ಲ ರೋಗಿಯ ಮುಂದೆ ಸುರಿಯಬೇಕೇ?

ಕಾಣದ ಲಾಭ, ಕಾಣುವ ನೋವು

ಬೇರೆ ಔಷಧಿಗಳಲ್ಲಿ ಈ ಪ್ರಶ್ನೆ ಇಷ್ಟು ತೀವ್ರವಾಗುವುದಿಲ್ಲ. ಜ್ವರಕ್ಕೆ ಮಾತ್ರೆ ನುಂಗಿದರೆ ಜ್ವರ ಇಳಿಯುವುದು ರೋಗಿಗೇ ತಿಳಿಯುತ್ತದೆ. ಹೊಟ್ಟೆಯಲ್ಲಿ ಸ್ವಲ್ಪ ಉರಿಯಾದರೂ ಆತ ಸಹಿಸಿಕೊಳ್ಳುತ್ತಾನೆ. ಸ್ಟಾಟಿನ್ ನುಂಗುವವನ ಸ್ಥಿತಿ ಹಾಗಲ್ಲ. ಕೊಲೆಸ್ಟರಾಲ್ ಹೆಚ್ಚಾದರೆ ನೋವಿಲ್ಲ, ಇಳಿದರೆ ಸುಖವಿಲ್ಲ. ಅದರ ಲಾಭವೆಂದರೆ ಸಂಭವಿಸದೇ ಹೋದ ಒಂದು ಹೃದಯಾಘಾತ, ಬಾರದೇ ಉಳಿದ ಒಂದು ಪಾರ್ಶ್ವವಾಯು. ನಡೆಯದ ಘಟನೆಯನ್ನು ಯಾರೂ ಕಣ್ಣಾರೆ ಕಾಣಲಾರರು. ಆದರೆ ಮೆಟ್ಟಿಲು ಹತ್ತುವಾಗ ತೊಡೆಯಲ್ಲಿ ಕಾಣಿಸಿಕೊಂಡ ನೋವು ಮಾತ್ರ ಅನುಭವಕ್ಕೆ ಬರುತ್ತದೆ. ಲಾಭಕ್ಕೆ ಸಾಕ್ಷಿ ಅಂಕಿ ಅಂಶ, ನಷ್ಟಕ್ಕೆ ಸಾಕ್ಷಿ ಸ್ವಂತ ದೇಹ. ಇವೆರಡರಲ್ಲಿ ಮನುಷ್ಯ ಯಾವುದನ್ನು ನಂಬುತ್ತಾನೆ ಎಂದು ಬೇರೆ ಹೇಳಬೇಕಾಗಿಲ್ಲ.

ಲಾಭವಂತೂ ನಿಜವಾದದ್ದು. ಆಗಲೇ ಹೃದ್ರೋಗವಿದ್ದ 4,444 ಜನರ ಮೇಲೆ ಸ್ಕ್ಯಾಂಡಿನೇವಿಯಾದ ದೇಶಗಳಲ್ಲಿ ನಡೆದ ಅಧ್ಯಯನವೊಂದು 1994ರಲ್ಲಿ ಪ್ರಕಟವಾಯಿತು. ಐದು ವರ್ಷಗಳಿಗೂ ಹೆಚ್ಚು ಕಾಲ ನಡೆದ ಅದರಲ್ಲಿ, ಔಷಧವಿಲ್ಲದ ಹುಸಿ ಮಾತ್ರೆ ಪಡೆದ ನೂರು ಜನರಲ್ಲಿ ಸುಮಾರು 12 ಮಂದಿ ತೀರಿಕೊಂಡರೆ, ಸಿಮ್ವಾಸ್ಟಾಟಿನ್ ಪಡೆದ ನೂರು ಜನರಲ್ಲಿ ಸುಮಾರು 8 ಮಂದಿ ತೀರಿಕೊಂಡರು. ನೂರಕ್ಕೆ ನಾಲ್ಕು ಜೀವ ಸಣ್ಣ ಸಂಗತಿಯಲ್ಲ. ಆದರೆ ಆ ನಾಲ್ವರು ಯಾರೆಂದು ಯಾರೂ ಬೆರಳು ಮಾಡಿ ತೋರಿಸಲಾರರು. ಬದುಕುಳಿದ 92 ಮಂದಿಯಲ್ಲಿ 88 ಮಂದಿ ಮಾತ್ರೆ ಇಲ್ಲದೆಯೂ ಉಳಿಯುತ್ತಿದ್ದರು. ಉಳಿದ ಎಂಟು ಮಂದಿಯನ್ನು ಮಾತ್ರೆಯೂ ಉಳಿಸಲಿಲ್ಲ.

ಹಾಗೆಯೇ ಜನರ ಭಯಕ್ಕೂ ಕಾರಣವಿಲ್ಲದಿಲ್ಲ. ಸ್ಟಾಟಿನ್‌ಗಳ ಮೂಲ ಒಂದು ಬೂಷ್ಟು. ಜಪಾನಿನ ವಿಜ್ಞಾನಿ ಅಕಿರಾ ಎಂಡೊ ಸುಮಾರು 6,000 ಬಗೆಯ ಸೂಕ್ಷ್ಮಜೀವಿಗಳನ್ನು ಪರೀಕ್ಷಿಸಿ 1970ರ ದಶಕದಲ್ಲಿ ಮೊದಲ ಸ್ಟಾಟಿನನ್ನು ಕಂಡುಹಿಡಿದರು. 1987ರಲ್ಲಿ ಅಮೆರಿಕದಲ್ಲಿ ಲೋವಾಸ್ಟಾಟಿನ್ ಮಾರುಕಟ್ಟೆಗೆ ಬಂತು. ನಂತರ ಬಂದವುಗಳಲ್ಲಿ ಬೇಯರ್ ಕಂಪೆನಿಯ ಸೆರಿವಾಸ್ಟಾಟಿನ್ ಒಂದು. ಅದನ್ನು ಸೇವಿಸಿದ ಕೆಲವರಲ್ಲಿ ಸ್ನಾಯುಗಳು ಕರಗಿ, ಅದರ ಕಸ ಮೂತ್ರಪಿಂಡಗಳನ್ನು ಕಟ್ಟಿಹಾಕಿತು. 2001ರ ಆಗಸ್ಟ್‌ನಲ್ಲಿ ಕಂಪೆನಿ ಅದನ್ನು ಹಿಂತೆಗೆದುಕೊಂಡಾಗ 52 ಸಾವುಗಳು ಅದರೊಂದಿಗೆ ತಳಕು ಹಾಕಿಕೊಂಡಿದ್ದವು. ಇಂದು ಬಳಕೆಯಲ್ಲಿರುವ ಸ್ಟಾಟಿನ್‌ಗಳಿಂದ ಇಂತಹ ಅಪಾಯ ತೀರಾ ವಿರಳ. ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಸಕ್ಕರೆ ಕಾಯಿಲೆಯ ಅಂಚಿನಲ್ಲಿರುವ ಕೆಲವರನ್ನು ಈ ಮಾತ್ರೆ ಗೆರೆಯ ಆಚೆಗೆ ದೂಡುತ್ತದೆ. 2010ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ 255 ಜನ ನಾಲ್ಕು ವರ್ಷ ಸೇವಿಸಿದರೆ ಒಬ್ಬರಿಗೆ ಹೆಚ್ಚುವರಿಯಾಗಿ ಈ ಕಾಯಿಲೆ ಬರುತ್ತದೆ. ಮಾತ್ರೆಯ ಪ್ರಮಾಣ ಹೆಚ್ಚಿದಂತೆ ಈ ಸಾಧ್ಯತೆಯೂ ಹೆಚ್ಚುತ್ತದೆ.

ಮಾತೇ ನೋವಾದಾಗ

ಪ್ರಶ್ನೆ ಇಷ್ಟಕ್ಕೇ ನಿಂತಿದ್ದರೆ ಉತ್ತರ ಸುಲಭವಿತ್ತು. ಅಪಾಯವಿದೆ, ಆದ್ದರಿಂದ ಹೇಳಬೇಕು. ಆದರೆ 2020ರಲ್ಲಿ ಪ್ರಕಟವಾದ ಲಂಡನ್ನಿನ ಒಂದು ಪ್ರಯೋಗ ಈ ಸುಲಭದ ಉತ್ತರವನ್ನು ಕಷ್ಟಕ್ಕೆ ಸಿಲುಕಿಸಿತು. ಅಡ್ಡ ಪರಿಣಾಮ ತಾಳಲಾರದೆ ಸ್ಟಾಟಿನ್ ಬಿಟ್ಟಿದ್ದ 60 ಜನರನ್ನು ಅದಕ್ಕೆ ಆರಿಸಿದ್ದರು. ಪ್ರತಿಯೊಬ್ಬರಿಗೂ ಹನ್ನೆರಡು ತಿಂಗಳಿಗೆ ಹನ್ನೆರಡು ಬಾಟಲಿ. ನಾಲ್ಕರಲ್ಲಿ ಸ್ಟಾಟಿನ್, ನಾಲ್ಕರಲ್ಲಿ ಹುಸಿ ಮಾತ್ರೆ, ನಾಲ್ಕು ಖಾಲಿ. ಮಾತ್ರೆಯಿದ್ದ ತಿಂಗಳಲ್ಲಿ ಅದು ಅಸಲಿಯೋ ಹುಸಿಯೋ ಎಂದು ನುಂಗುವವರಿಗೆ ಗೊತ್ತಿರಲಿಲ್ಲ. ಪ್ರತಿದಿನ ತಮ್ಮ ತೊಂದರೆಗೆ ಸೊನ್ನೆಯಿಂದ ನೂರರೊಳಗೆ ಅಂಕ ಕೊಡಬೇಕಿತ್ತು. ಖಾಲಿ ತಿಂಗಳುಗಳಲ್ಲಿ ಸರಾಸರಿ ಅಂಕ 8. ಸ್ಟಾಟಿನ್ ನುಂಗಿದ ತಿಂಗಳುಗಳಲ್ಲಿ 16.3. ಹುಸಿ ಮಾತ್ರೆ ನುಂಗಿದ ತಿಂಗಳುಗಳಲ್ಲಿ 15.4!

ಅಂದರೆ, ಮಾತ್ರೆಯಿಂದ ಬಂತೆಂದು ಅವರು ತಿಳಿದಿದ್ದ ತೊಂದರೆಯ ಹತ್ತರಲ್ಲಿ ಒಂಬತ್ತು ಪಾಲು ಮಾತ್ರೆಯೊಳಗಿನ ಔಷಧದಿಂದ ಬಂದದ್ದಲ್ಲ. ಮಾತ್ರೆ ನುಂಗುತ್ತಿದ್ದೇನೆಂಬ ಅರಿವು ಮತ್ತು ಅದರ ಬೆನ್ನಿಗಿದ್ದ ನಿರೀಕ್ಷೆಯಿಂದ ಬಂದದ್ದು. 2022ರಲ್ಲಿ ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿದಾಗಲೂ ಇದೇ ಚಿತ್ರ ಕಂಡಿತು. ಸ್ಟಾಟಿನ್ ಪಡೆದವರಲ್ಲಿ ನೂರಕ್ಕೆ 27.1 ಮಂದಿ ಸ್ನಾಯು ನೋವು ಹೇಳಿಕೊಂಡಿದ್ದರು, ಹುಸಿ ಮಾತ್ರೆ ಪಡೆದವರಲ್ಲಿ 26.6 ಮಂದಿ. ಆ ಸಣ್ಣ ಅಂತರವೂ ಹೆಚ್ಚಾಗಿ ಮೊದಲ ವರ್ಷದ್ದು. ಹೀಗೆ ಪಕ್ಕದಲ್ಲಿಟ್ಟು ಹೋಲಿಸದೆ ಯಾವ ಚಿಕಿತ್ಸೆಯ ಗುಣದೋಷವೂ ತಿಳಿಯದು ಎಂಬುದು ಹೊಸ ಅರಿವಲ್ಲ. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ರಯ್ ಮತ್ತು ಬಗ್ದಾದ್ ನಗರಗಳ ಆಸ್ಪತ್ರೆಗಳಲ್ಲಿದ್ದ ಅಬೂಬಕರ್ ಅಲ್ ರಾಝಿ, ರಕ್ತ ತೆಗೆಯುವ ಚಿಕಿತ್ಸೆಯ ಫಲವನ್ನು ತಿಳಿಯಲು ಒಂದು ಗುಂಪಿನ ರೋಗಿಗಳಿಗೆ ಅದನ್ನು ಮಾಡದೆ ಬಿಟ್ಟು ನೋಡಿದ್ದಾಗಿ ಬರೆದಿದ್ದಾರೆ.

ಒಂದು ಮಾತನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಆ 60 ಜನರ ನೋವು ಸುಳ್ಳಲ್ಲ. ಅವರು ನಟಿಸುತ್ತಿರಲಿಲ್ಲ. ಭಯದಿಂದ ಎದೆ ಬಡಿತ ಹೆಚ್ಚುವುದು ಎಷ್ಟು ನಿಜವೋ ಈ ನೋವೂ ಅಷ್ಟೇ ನಿಜ. ಸುಳ್ಳಾಗಿದ್ದುದು ನೋವಿನ ಕಾರಣದ ಬಗೆಗಿನ ತಿಳಿವಳಿಕೆ ಮಾತ್ರ. "ಎಲ್ಲಾ ನಿಮ್ಮ ಮನಸ್ಸಿನ ಭ್ರಮೆ" ಎಂದು ರೋಗಿಯನ್ನು ಗದರಿಸುವವರು ಈ ಪ್ರಯೋಗವನ್ನು ಅರ್ಥ ಮಾಡಿಕೊಂಡಿಲ್ಲ.

ಈಗ ಇಕ್ಕಟ್ಟು ಪೂರ್ಣವಾಗುತ್ತದೆ. ಅಡ್ಡ ಪರಿಣಾಮದ ಬಗ್ಗೆ ಹೇಳುವುದರಿಂದಲೇ ಅಡ್ಡ ಪರಿಣಾಮ ಹುಟ್ಟುವುದಾದರೆ, ಹೇಳುವುದು ಹಾನಿ ಮಾಡಿದಂತಾಗುವುದಿಲ್ಲವೇ? ಡೆನ್ಮಾರ್ಕಿನಲ್ಲಿ ಆರೂವರೆ ಲಕ್ಷಕ್ಕೂ ಹೆಚ್ಚು ಸ್ಟಾಟಿನ್ ಬಳಕೆದಾರರ ದಾಖಲೆಗಳನ್ನು ಪರಿಶೀಲಿಸಿದ ಸಂಶೋಧಕರು, ಮಾಧ್ಯಮಗಳಲ್ಲಿ ಈ ಔಷಧದ ವಿರುದ್ಧ ಸುದ್ದಿಗಳು ಬಂದಾಗ ಬೇಗನೆ ಮಾತ್ರೆ ಬಿಡುವವರು ಹೆಚ್ಚುತ್ತಾರೆ, ಹಾಗೆ ಬಿಟ್ಟವರಲ್ಲಿ ಹೃದಯಾಘಾತ ಮತ್ತು ಹೃದ್ರೋಗದ ಸಾವುಗಳೂ ಹೆಚ್ಚು ಎಂಬುದನ್ನು ಕಂಡರು.

ಮುಚ್ಚಿಡುವುದೂ ಸುರಿಯುವುದೂ

ಹಾಗಿದ್ದರೂ ಮುಚ್ಚಿಡುವುದನ್ನು ಸಮರ್ಥಿಸಲಾಗದು. ಮೊದಲನೆಯದಾಗಿ, ಅದು ಜೀವಕ್ಕೇ ಅಪಾಯ. ತೀವ್ರ ಸ್ನಾಯು ನೋವು, ನಿಶ್ಶಕ್ತಿ, ಕಂದು ಬಣ್ಣದ ಮೂತ್ರ ಕಂಡರೆ ತಡಮಾಡದೆ ವೈದ್ಯರ ಬಳಿ ಓಡಬೇಕೆಂದು ತಿಳಿಯದವನು ಮನೆಯಲ್ಲೇ ಎಣ್ಣೆ ತಿಕ್ಕಿಸಿಕೊಂಡು ಮಲಗುತ್ತಾನೆ. ಸಿಮ್ವಾಸ್ಟಾಟಿನ್‌ನಂತಹವುಗಳ ಜೊತೆಗೆ ಕ್ಲಾರಿತ್ರೊಮೈಸಿನ್ ತರಹದ ಆಂಟಿಬಯೊಟಿಕ್ ಸೇರಿದರೆ ಅಪಾಯ ಹೆಚ್ಚುತ್ತದೆ. ಇದು ತಿಳಿಯದವನು ಕೆಮ್ಮಿಗೆಂದು ಬೇರೊಬ್ಬ ವೈದ್ಯರ ಬಳಿ ಹೋದಾಗ ತಾನು ನುಂಗುತ್ತಿರುವ ಮಾತ್ರೆಯ ಹೆಸರನ್ನೇ ಹೇಳುವುದಿಲ್ಲ.

ಎರಡನೆಯದಾಗಿ, ಮುಚ್ಚಿಟ್ಟ ಸತ್ಯ ಮುಚ್ಚಿಯೇ ಇರುವುದಿಲ್ಲ. "ಅದು ಕಾಲು ಬೀಳಿಸುತ್ತೆ" ಎಂದು ನೆರೆಮನೆಯವರು ಹೇಳಿಯೇ ಹೇಳುತ್ತಾರೆ, ಮೊಬೈಲಿನಲ್ಲಿ ಯಾರದೋ ವೀಡಿಯೊ ಬಂದೇ ಬರುತ್ತದೆ. ಆಗ ರೋಗಿ ಬರೀ ಮಾತ್ರೆಯನ್ನಲ್ಲ, ವೈದ್ಯರನ್ನೇ ನಂಬುವುದನ್ನು ಬಿಡುತ್ತಾನೆ. ಮೂರನೆಯದಾಗಿ, ದೇಹ ರೋಗಿಯದ್ದು. ಚಿಕಿತ್ಸೆಗೆ ಒಪ್ಪಿಗೆ ಕೊಡುವವನಿಗೆ ಅದರ ಲಾಭ, ಗಣನೀಯ ಅಪಾಯ ಮತ್ತು ಬೇರೆ ದಾರಿಗಳ ಬಗ್ಗೆ ಸಾಕಷ್ಟು ಮಾಹಿತಿ ಇರಬೇಕೆಂದು ನಮ್ಮ ಸುಪ್ರೀಂ ಕೋರ್ಟ್ 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ. ಅದು ಶಸ್ತ್ರಚಿಕಿತ್ಸೆಯ ಪ್ರಕರಣವಾದರೂ, ಜೀವನವಿಡೀ ನುಂಗಬೇಕಾದ ಮಾತ್ರೆಗೆ ಅದರ ನೈತಿಕ ತಿರುಳು ಅನ್ವಯಿಸುವುದಿಲ್ಲ ಎನ್ನಲು ಕಾರಣ ಕಾಣುವುದಿಲ್ಲ.

ಇನ್ನೊಂದು ತುದಿಯಲ್ಲಿ, ಎಲ್ಲವನ್ನೂ ಸುರಿದುಬಿಡುವ ಕ್ರಮವೂ ಪ್ರಾಮಾಣಿಕತೆಯಲ್ಲ. ಔಷಧಿಯ ಡಬ್ಬಿಯೊಳಗೆ ಮಡಿಚಿಟ್ಟ ಇಂಗ್ಲಿಷ್ ಕಾಗದದ ಇರುವೆಯಂತಹ ಅಕ್ಷರಗಳಲ್ಲಿ ತಲೆನೋವಿನಿಂದ ಹಿಡಿದು ಮರಣದವರೆಗೆ ಎಲ್ಲವೂ ಇದೆ. ಅದು ರೋಗಿಗೆ ತಿಳಿಸಲು ಬರೆದದ್ದಕ್ಕಿಂತ ನಾಳೆ ಯಾರೂ ತಮ್ಮನ್ನು ಪ್ರಶ್ನಿಸದಿರಲೆಂದು ಬರೆದದ್ದು. ನೂರರಲ್ಲಿ ಒಬ್ಬರಿಗೆ ಆಗುವುದನ್ನೂ ಲಕ್ಷದಲ್ಲಿ ಒಬ್ಬರಿಗೆ ಆಗುವುದನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಪ್ರತಿಯೊಂದು ಪದವೂ ನಿಜವಾಗಿರುತ್ತದೆ, ಆದರೆ ಓದಿದವನ ಮನಸ್ಸಿನಲ್ಲಿ ಮೂಡುವ ಚಿತ್ರ ಸುಳ್ಳಾಗಿರುತ್ತದೆ. ಪ್ರಮಾಣವೂ ಸತ್ಯದ ಒಂದು ಭಾಗ. ಪ್ರಮಾಣ ತಪ್ಪಿದ ಸತ್ಯ ಅರ್ಧ ಸತ್ಯ.

ಮೋಸ ಹೆಚ್ಚಾಗಿ ನಡೆಯುವುದೂ ಇಲ್ಲಿಯೇ. ಮೇಲೆ ಹೇಳಿದ 12 ಮತ್ತು 8ರ ಲೆಕ್ಕವನ್ನೇ ನೋಡಿ. "ಸಾವು ಶೇ. 30ರಷ್ಟು ಕಡಿಮೆ" ಎಂದರೂ ಅದು ನಿಜ, "ನೂರಕ್ಕೆ ನಾಲ್ಕು ಜೀವ ಉಳಿಯಿತು" ಎಂದರೂ ನಿಜ. ಮಾರುವವನು ಲಾಭವನ್ನು ಮೊದಲ ಭಾಷೆಯಲ್ಲಿಯೂ ಹಾನಿಯನ್ನು ಎರಡನೆಯ ಭಾಷೆಯಲ್ಲಿಯೂ ಹೇಳುತ್ತಾನೆ. ವಿರೋಧಿಸುವವನು ಇದನ್ನೇ ತಿರುಗಿಸುತ್ತಾನೆ. ಕೊಳ್ಳುವಾಗ ಒಂದು ತೂಕದ ಕಲ್ಲು, ಕೊಡುವಾಗ ಇನ್ನೊಂದು ಕಲ್ಲು ಇಟ್ಟುಕೊಂಡ ಅಂಗಡಿಯವನ ಹಾಗೆ. ಅಳತೆ ತೂಕದಲ್ಲಿ ಕಡಿತ ಮಾಡುವವರನ್ನು ಕುರ್‌ಆನ್ ಕಠಿಣವಾಗಿ ಎಚ್ಚರಿಸಿದೆ. ಆ ಎಚ್ಚರಿಕೆ ಅಕ್ಕಿ ಬೇಳೆಗೆ ಮಾತ್ರ ಸೀಮಿತವೆಂದು ತಿಳಿಯಬೇಕಾಗಿಲ್ಲ. ಒಂದೇ ತಕ್ಕಡಿಯಲ್ಲಿ, ಒಂದೇ ಕಲ್ಲಿನಿಂದ ಎರಡನ್ನೂ ತೂಗಿ ಕೊಡುವುದೇ ವೈದ್ಯರ ಪ್ರಾಮಾಣಿಕತೆ.

"ನೂರು ಜನ ಸಾಲಿನಲ್ಲಿ ಕಾದಿರುವಾಗ ಇದಕ್ಕೆಲ್ಲ ಸಮಯವೆಲ್ಲಿದೆ? ಓದು ಬರಹ ಬಾರದವರಿಗೆ ಈ ಲೆಕ್ಕ ಹೇಗೆ ತಿಳಿಯುತ್ತದೆ?" ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಸಂತೆಯಲ್ಲಿ ಮೀನು ಚೌಕಾಶಿ ಮಾಡಿ ಕೊಳ್ಳುವ ಹೆಂಗಸಿಗೆ ನೂರರಲ್ಲಿ ನಾಲ್ಕು ಎಂದರೆ ಏನೆಂದು ಯಾರೂ ಕಲಿಸಬೇಕಾಗಿಲ್ಲ. "ಇದನ್ನು ತೆಗೆದುಕೊಂಡ ಹೆಚ್ಚಿನವರಿಗೆ ಏನೂ ತೊಂದರೆಯಾಗುವುದಿಲ್ಲ. ಮೈಕೈ ನೋವು ಈ ವಯಸ್ಸಿನಲ್ಲಿ ಮಾತ್ರೆ ಇಲ್ಲದೆಯೂ ಬರುತ್ತದೆ. ಜೋರಾಗಿ ನೋವು ಬಂದರೆ, ಮೂತ್ರ ಕಂದಾದರೆ ಕೂಡಲೇ ಬನ್ನಿ, ನೀವಾಗಿಯೇ ನಿಲ್ಲಿಸಬೇಡಿ" ಎನ್ನಲು ಅರ್ಧ ನಿಮಿಷ ಸಾಕು. ಇದರಲ್ಲಿ ಸುಳ್ಳಿಲ್ಲ, ಹೆದರಿಕೆಯೂ ಇಲ್ಲ.

ಲಂಡನ್ನಿನ ಆ ಪ್ರಯೋಗದ ಕೊನೆಯ ಭಾಗ ಇಲ್ಲಿ ನೆನಪಿಡಬೇಕಾದದ್ದು. ಪ್ರಯೋಗ ಮುಗಿದ ಮೇಲೆ ಪ್ರತಿಯೊಬ್ಬರಿಗೂ ಅವರವರ ಹನ್ನೆರಡು ತಿಂಗಳ ಲೆಕ್ಕವನ್ನು ತೋರಿಸಲಾಯಿತು. ಆರು ತಿಂಗಳ ನಂತರ ವಿಚಾರಿಸಿದಾಗ ಅರ್ಧದಷ್ಟು ಮಂದಿ ಪುನಃ ಸ್ಟಾಟಿನ್ ಸೇವಿಸಲು ಆರಂಭಿಸಿದ್ದರು. ಅರ್ಧ ಸತ್ಯದಿಂದ ಹುಟ್ಟಿದ ಭಯವನ್ನು ಹೋಗಲಾಡಿಸಿದ್ದು ಪೂರ್ಣ ಸತ್ಯವೇ ಹೊರತು ಮೌನವಲ್ಲ.

ಯಾರಿಗೆ ಯಾವುದು ಭಾರ?

ಇನ್ನೂ ಒಂದು ಪ್ರಶ್ನೆ ಉಳಿಯುತ್ತದೆ. ಎಲ್ಲ ಅಂಕಿಗಳನ್ನು ತಿಳಿದ ಮೇಲೂ ನಿರ್ಧಾರ ತಾನಾಗಿಯೇ ಹೊರಬರುವುದಿಲ್ಲ. ಒಮ್ಮೆ ಹೃದಯಾಘಾತವಾದವರಿಗೆ, ಸ್ಟೆಂಟ್ ಹಾಕಿಸಿಕೊಂಡವರಿಗೆ ತಕ್ಕಡಿ ಸ್ಪಷ್ಟವಾಗಿ ಮಾತ್ರೆಯ ಕಡೆಗೇ ವಾಲುತ್ತದೆ. ಆದರೆ ಹೃದ್ರೋಗವಿಲ್ಲದ, ಅಪಾಯವೂ ಕಡಿಮೆಯಿರುವ ವ್ಯಕ್ತಿಗೆ ಲಾಭ ಚಿಕ್ಕದು. ಆಗ ಅಡ್ಡ ಪರಿಣಾಮದ ತೂಕ ಎಷ್ಟೆಂಬುದು ಅವನ ಬದುಕಿನ ಮೇಲೆ ನಿಂತಿದೆ. ಕುರ್ಚಿಯಲ್ಲಿ ಕೂತು ಕೆಲಸ ಮಾಡುವವನಿಗೆ ತೊಡೆ ನೋವು ಒಂದು ಕಿರಿಕಿರಿ. ಮಂಡಿಯಲ್ಲಿ ಮೂಟೆ ಹೊರುವ ಹಮಾಲನಿಗೆ ಅದೇ ನೋವು ಆ ದಿನದ ಕೂಲಿ. ಪುಸ್ತಕದಲ್ಲಿ "ಸೌಮ್ಯ" ಎಂದು ಬರೆದದ್ದು ಅವನ ಮನೆಯ ಒಲೆಯ ಮಟ್ಟಿಗೆ ಸೌಮ್ಯವಲ್ಲ. ವೈದ್ಯರಿಗೆ ಔಷಧ ಗೊತ್ತು, ರೋಗಿಗೆ ತನ್ನ ಬದುಕು ಗೊತ್ತು. ಎರಡೂ ತಿಳಿವಳಿಕೆ ಒಂದೆಡೆ ಸೇರದೆ ಸರಿಯಾದ ನಿರ್ಧಾರವಾಗದು. ಪ್ರಮಾಣ ಇಳಿಸಬಹುದು, ಬೇರೆ ಸ್ಟಾಟಿನ್ ಕೊಡಬಹುದು, ಬೇರೆ ವರ್ಗದ ಔಷಧವನ್ನೂ ಯೋಚಿಸಬಹುದು. ಆದರೆ ಇವೆಲ್ಲ ಸಾಧ್ಯವಾಗುವುದು ಇಬ್ಬರೂ ಮಾತನಾಡಿದಾಗ ಮಾತ್ರ.

ಆದ್ದರಿಂದ ಸತ್ಯದ ಹೊಣೆ ವೈದ್ಯರೊಬ್ಬರದ್ದೇ ಅಲ್ಲ. ಸದ್ದಿಲ್ಲದೆ ಮಾತ್ರೆ ಬಿಟ್ಟು, ಕೇಳಿದರೆ "ತಗೊಳ್ತಾ ಇದ್ದೇನೆ" ಎನ್ನುವ ರೋಗಿಯೂ ಸತ್ಯವನ್ನು ಮುಚ್ಚಿಡುತ್ತಿದ್ದಾನೆ, ಅದರ ಬೆಲೆಯನ್ನು ತೆರುವವನೂ ಅವನೇ. ತೊಂದರೆಯಾದರೆ ಅದನ್ನು ತಿಳಿಸಲು 2010ರಲ್ಲಿ ಆರಂಭವಾದ ರಾಷ್ಟ್ರೀಯ ಔಷಧ ಜಾಗೃತಿ ವ್ಯವಸ್ಥೆಯೂ ಇದೆ. ವೈದ್ಯರಷ್ಟೇ ಅಲ್ಲ, ರೋಗಿಗಳೂ ಅದಕ್ಕೆ ವರದಿ ಮಾಡಬಹುದು. "ಇಂಗ್ಲಿಷ್ ಮದ್ದು ಬೇಡ, ಇದು ನೈಸರ್ಗಿಕ" ಎಂದು ಪುಡಿ ಮಾರುವವರ ಮಾತನ್ನೂ ಇದೇ ತಕ್ಕಡಿಗೆ ಹಾಕಬೇಕು. ಕೊಲೆಸ್ಟರಾಲ್ ಇಳಿಸುವ ನೈಸರ್ಗಿಕ ವಸ್ತುವೆಂದು ಹಲವು ದೇಶಗಳಲ್ಲಿ ಮಾರುವ ಕೆಂಪು ಬೂಷ್ಟಿನ ಅಕ್ಕಿಯಲ್ಲಿರುವುದು ಲೋವಾಸ್ಟಾಟಿನ್ನೇ. ಅದರ ಗುಣವೂ ಅದೇ, ಕೆಡುಕೂ ಅದೇ. ಪ್ರಮಾಣ ಮಾತ್ರ ಯಾರಿಗೂ ಗೊತ್ತಿರುವುದಿಲ್ಲ.

ಮನುಷ್ಯನಿಗೆ ಸತ್ಯವನ್ನು ತಾಳಿಕೊಳ್ಳುವ ಶಕ್ತಿಯಿಲ್ಲ ಎಂದು ಮೊದಲೇ ತೀರ್ಮಾನಿಸುವುದು ಅವನಿಗೆ ಮಾಡುವ ಅಗೌರವ. ಅವನ ಮುಂದೆ ಸತ್ಯವನ್ನು ಎಸೆದು ಎದ್ದು ಹೋಗುವುದು ನಿರ್ದಯೆ. ಹೇಳಿದ ಮೇಲೆ ಅವನ ಪಕ್ಕದಲ್ಲಿ ಕುಳಿತು, ಅವನು ಅದನ್ನು ಅರಗಿಸಿಕೊಳ್ಳುವವರೆಗೆ ಜೊತೆಗಿರುವುದು ಮಾತ್ರ ನಿಜವಾದ ಚಿಕಿತ್ಸೆ. "ಏನೂ ಆಗಲ್ಲ" ಎನ್ನುವುದಕ್ಕಿಂತ "ಏನಾದರೂ ಆದರೆ ನಾನಿದ್ದೇನೆ, ಬನ್ನಿ" ಎನ್ನುವ ವೈದ್ಯರಿಂದಲೇ ರೋಗಿಗೆ ಹೆಚ್ಚು ಧೈರ್ಯ ಸಿಗುತ್ತದೆ.