ಇಂದಿನ ಧಮ್ಮ ಚಿಂತನೆ: ಮ್ಯಾನ್ಮಾರ್ ಪರ ಮಾತಾಡಿದ ಹುಡುಗಿ

 

ನಮ್ಮ ಬಳಗದ ಉಪಾಸಕರೊಬ್ಬರ ಮಗಳು ಹತ್ತನೇ ತರಗತಿ. ಅವಳ ಶಾಲೆಯಲ್ಲಿ ಎರಡು ದಿನ ಮಾದರಿ ವಿಶ್ವಸಂಸ್ಥೆ ನಡೆಯಿತು. ಮಕ್ಕಳ ಬಾಯಲ್ಲಿ ಅದು ಎಂಯುಎನ್. ಒಬ್ಬೊಬ್ಬರಿಗೆ ಒಂದೊಂದು ದೇಶ ಕೊಡುತ್ತಾರೆ. ಆ ದೇಶದ ಪ್ರತಿನಿಧಿಯಾಗಿ ವಾದಿಸಬೇಕು, ಕೊನೆಗೆ ನಿರ್ಣಯ ಬರೆದು ಮತ ಹಾಕಬೇಕು. ಇವಳಿಗೆ ಬಂದ ದೇಶ ಮ್ಯಾನ್ಮಾರ್. ಚರ್ಚೆಯ ವಿಷಯ ರೋಹಿಂಗ್ಯಾ ನಿರಾಶ್ರಿತರು.

ಮನೆಯಲ್ಲಿ ಪಂಚಶೀಲ ಹೇಳಿಕೊಂಡು ಬೆಳೆದ ಮಗು. 2017ರ ಆಗಸ್ಟ್ ನಂತರ ಏಳು ಲಕ್ಷಕ್ಕೂ ಹೆಚ್ಚು ಜನ ರಖೈನ್‌ನಿಂದ ಬಾಂಗ್ಲಾದೇಶಕ್ಕೆ ಓಡಿಹೋದದ್ದನ್ನು ಓದಿ ಕಂಗಾಲಾದಳು. ಅದೂ ಊರೂರಲ್ಲಿ ಪಗೋಡ ಇರುವ ದೇಶದಿಂದ. (ನಮ್ಮ ಗುಂಪಿನಲ್ಲೂ ಈ ಮಾತು ಬಂದಾಗ ನಾವು ವಿಷಯ ಬದಲಿಸಿದ್ದೇವೆ, ಒಪ್ಪಿಕೊಳ್ಳೋಣ.) ಹಿಂದಿನ ರಾತ್ರಿ ನನಗೆ ಫೋನ್ ಮಾಡಿದಳು. "ಮಾಮ, ಆ ಸರ್ಕಾರದ ಪರ ಮಾತಾಡಿದ್ರೆ ನಾಲ್ಕನೇ ಶೀಲ ಮುರಿದ ಹಾಗಲ್ವಾ?"

ಇಲ್ಲ ಎಂದೆ. ಮುಸಾವಾದಕ್ಕೆ ಬೇರೆಯವರನ್ನು ನಂಬಿಸಿ ಮೋಸ ಮಾಡುವ ಉದ್ದೇಶ ಬೇಕು. ಅಲ್ಲಿ ಕೂತವರಿಗೆಲ್ಲ ನೀನು ಪಾತ್ರ ವಹಿಸುತ್ತಿದ್ದೀಯ ಎಂದು ಗೊತ್ತು. ಅಲ್ಲಿ 'ನಾನು' ಎನ್ನುವ ಹಾಗೂ ಇಲ್ಲವಂತೆ, 'ಮ್ಯಾನ್ಮಾರ್ ಪ್ರತಿನಿಧಿ' ಎಂದೇ ಹೇಳಬೇಕು. ಇದನ್ನೇ ಅನತ್ತ ಎಂದುಬಿಡುವ ಆಸೆ ನನಗೂ ಆಯಿತು. ಆದರೆ ಧಮ್ಮ ಅಷ್ಟು ಅಗ್ಗವಲ್ಲ.

ಸಭೆಯಲ್ಲಿ ವಾದ, ಮತ ನಮಗೆ ಹೊಸತಲ್ಲ ಎಂದೂ ಹೇಳಿದೆ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ನೆನಪಿಸಿದ್ದು ಇದನ್ನೇ. ಆಸನದ ಕ್ರಮ, ನಿರ್ಣಯ ಮಂಡನೆ, ಕೋರಂ, ಮತ ಎಣಿಕೆ ಎಲ್ಲವೂ ಭಿಕ್ಕು ಸಂಘಕ್ಕೆ ಗೊತ್ತಿತ್ತು. ವಿನಯದ ಪ್ರಕಾರ, ಜಗಳ ತೀರದಿದ್ದಾಗ ಸಲಾಕೆ, ಅಂದರೆ ಕಡ್ಡಿ, ಹಂಚಿ ಮತ ಪಡೆಯುತ್ತಿದ್ದರು. ಕಡ್ಡಿ ಹಂಚುವ ಭಿಕ್ಕುವಿಗೆ ಚಂದ, ದೋಸ, ಮೋಹ, ಭಯ ಇರಕೂಡದು. ಅಂದರೆ ತನ್ನವರೆಂಬ ಒಲವು, ದ್ವೇಷ, ತಿಳಿಗೇಡಿತನ, ಅಂಜಿಕೆ. ಗೆಲ್ಲುವ ಆಸೆ ಈ ನಾಲ್ಕರಲ್ಲಿ ಯಾವುದರೊಳಗೆ ಬರುತ್ತದೆ ಎಂದು ಅವಳು ಕೇಳಲಿಲ್ಲ. ನಾನೂ ಹೇಳಲಿಲ್ಲ. ಹೇಳಬೇಕಿತ್ತು.

ಎರಡನೆಯ ದಿನ ಬಾಂಗ್ಲಾದೇಶದ ಪ್ರತಿನಿಧಿಯಾಗಿದ್ದ ಹುಡುಗ ಎದ್ದು, ಓಡಿಬಂದವರನ್ನು ಯಾವಾಗ ವಾಪಸ್ ಕರೆಸಿಕೊಳ್ಳುತ್ತೀರಿ ಎಂದು ಕೇಳಿದ. ಇವಳ ಕಾಗದದಲ್ಲಿ ಉತ್ತರವಿರಲಿಲ್ಲ. ಎಲ್ಲರೂ ನೋಡುತ್ತಿದ್ದರು. ಇಷ್ಟು ಸಾವಿರ ಕುಟುಂಬಗಳು ಈಗಾಗಲೇ ತಮ್ಮ ಹಳ್ಳಿಗೆ ಮರಳಿವೆ ಎಂದು ಒಂದು ಅಂಕಿ ಹೇಳಿಬಿಟ್ಟಳು. ಆ ಕ್ಷಣ ಹುಟ್ಟಿದ ಅಂಕಿ. ಹುಡುಗ ಬಾಯಿ ಮುಚ್ಚಿದ, ಚಪ್ಪಾಳೆ ಬಿತ್ತು. ಸಂಜೆ ಇವಳಿಗೆ ಪ್ರಶಸ್ತಿಯೂ ಬಂತು.

ರಾತ್ರಿ ಊಟ ಸೇರಲಿಲ್ಲವಂತೆ. ಕೂತು ಹುಡುಕಿದಳು. 2018ರ ನವೆಂಬರ್‌ನಲ್ಲಿ, ಮತ್ತೆ 2019ರ ಆಗಸ್ಟ್‌ನಲ್ಲಿ ವಾಪಸ್ ಕಳಿಸುವ ಏರ್ಪಾಡಾಗಿತ್ತು. ಎರಡು ಸಲವೂ ಜನ ಹೆದರಿ ಹೋಗಲಿಲ್ಲ. ಇವಳು 'ಮನೆ ಸೇರಿಸಿದ' ಕುಟುಂಬಗಳು ಕಾಕ್ಸ್ ಬಜಾರ್‌ನ ಬಿದಿರು, ಟಾರ್ಪಾಲಿನ ಗುಡಿಸಲಲ್ಲೇ ಇದ್ದವು.

ಮತ್ತೆ ಫೋನ್ ಬಂತು. "ಮಾಮ, ಬೇರೆ ಎಲ್ಲ ಮ್ಯಾನ್ಮಾರ್ ಹೇಳಿದ್ದು. ಅದೊಂದು ಮಾತ್ರ ನಾನೇ ಹೇಳಿದ್ದು."

ಬಂಧುಗಳೇ, ನನಗೆ ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ. ಪಾತ್ರ ಯಾವುದು, ತಾನು ಯಾವುದು ಎಂಬ ಗೆರೆಯನ್ನು ಅವಳೇ ಕಂಡುಕೊಂಡಿದ್ದಳು. ಹಿಂದಿನ ದಿನ ನಾನು ಕೊಟ್ಟ ಉತ್ತರಕ್ಕಿಂತ ಅದು ಚೊಕ್ಕವಾಗಿತ್ತು. ನಾನು ಇಷ್ಟೇ ಹೇಳಿದೆ. ತಪ್ಪಾದಾಗ ಭಿಕ್ಕು ಅದನ್ನು ಇನ್ನೊಬ್ಬ ಭಿಕ್ಕುವಿನ ಮುಂದೆ ಬಾಯಿಬಿಟ್ಟು ಹೇಳುತ್ತಾನೆ, ಮುಂದೆ ಎಚ್ಚರದಿಂದಿರುತ್ತೇನೆ ಎನ್ನುತ್ತಾನೆ. ಒಳಗೇ ಕೊರಗುತ್ತಾ ಕೂರುವುದಿಲ್ಲ.

ಅವಳು ಸಂಘಟಕರಿಗೂ ಆ ಹುಡುಗನಿಗೂ ಬರೆದಳು: ಆ ಅಂಕಿ ನಾನು ಕಟ್ಟಿದ್ದು, ನಿನ್ನ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಸಂಘಟಕರು ಪ್ರಶಸ್ತಿ ಇಟ್ಟುಕೊಳ್ಳಮ್ಮ ಎಂದಿದ್ದಾರೆ. ಹುಡುಗನ ಕಡೆ ಎರಡು ನೀಲಿ ಗೆರೆ ಬಿದ್ದಿವೆ, ಉತ್ತರ ಬಂದಿಲ್ಲ.

ಭಾನುವಾರದ ಧಮ್ಮ ತರಗತಿಗೆ ಅವಳೂ ಬರುತ್ತಾಳೆ. ರೋಹಿಂಗ್ಯಾ ವಿಷಯ ಅವತ್ತು ಅವಳೇ ಎತ್ತುತ್ತಾಳಂತೆ. ಈ ಸಲ ಮಾತು ಬದಲಿಸದೆ ಕೇಳೋಣ.

ನಮೋ ಬುದ್ಧಾಯ.